ಪುಟದ ಬುಡ

ವೇಳಾಪಟ್ಟಿಯಲ್ಲಿ ‘ವಿಲ್ಮಾ’ ಎಂಬ ಹೆಸರಿನ ಪಕ್ಕ
ಸಾಸಿವೆಯಷ್ಟು ಒಂದು ನಕ್ಷತ್ರ.
ನಕ್ಷತ್ರ ಕಂಡರೆ ಮೊದಲು ಪುಟದ ಬುಡ ನೋಡು
ಅನ್ನುತ್ತಿದ್ದ ಓಟ್ಟೊ,
ರೈಲ್ವೆ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ
ಕರಡು ತಿದ್ದಿದವನು,
ನಮ್ಮ ಮದುವೆಯ ಕಾಗದದಲ್ಲಿ
ಅಲ್ಪವಿರಾಮ ಒಂದು ಹೆಚ್ಚಾಯಿತೆಂದು
ಎರಡು ದಿನ ಮುಖ ಊದಿಸಿಕೊಂಡಿದ್ದವನು.

ಕನ್ನಡಕ ಒರೆಸಿ ಬುಡ ನೋಡಿದೆ.
ಈ ವರ್ಷ ಸಂಚಾರವಿಲ್ಲ.

ಅಷ್ಟು ಹೊತ್ತಿಗೆ ಎಲ್ಲ ಆಗಿಹೋಗಿತ್ತು.
ಬುಡಾಪೆಸ್ಟಿನಿಂದ ಏಳೂ ಹತ್ತರ ರೈಲು,
ಎಡಗಡೆಯ ಸೀಟು, ಬಾಲಟೋನ್ ಕಾಣುವುದು ಆ ಕಡೆಗೇ.
ಎರಡು ರಾತ್ರಿ, ಒಂದು ಕೋಣೆ, ಎರಡು ಮಂಚ
(ನಡುವೆ ಒಂದು ಮೇಜಾದರೂ ಇರಲಿ
ಎಂದು ಬೋರ್ಬಾಲಾ ಒತ್ತಿ ಹೇಳಿದ್ದಳು).
ಫ್ಲಾಸ್ಕಿಗೆ ಹೊಸ ಬಿರಡೆ.
ಅವಳ ಸೊಂಟದ ಹೊಸ ಕೀಲಿಗೆ ಡಾಕ್ಟರ ಒಪ್ಪಿಗೆ.

ಬೋರ್ಬಾಲಾ ನನ್ನ ನಾದಿನಿ.
ನಲವತ್ತು ವರ್ಷ ನನ್ನ ಸೂಪಿಗೆ ಉಪ್ಪು ಸಾಲದೆಂದವಳು.
ಓಟ್ಟೊ ಹೋದ ಮೇಲೆ ಮಂಗಳವಾರ ಮಂಗಳವಾರ ಬರುತ್ತಾಳೆ,
ಉಪ್ಪಿನ ಡಬ್ಬಿ ತಾನೇ ಎಳೆದುಕೊಂಡು
ಸುಮ್ಮನೆ ಉಣ್ಣುತ್ತಾಳೆ.
ಅದೇ ನನಗೆ ಕಷ್ಟ.

ಪ್ರತಿ ಚಳಿಗಾಲ ಅವನು ಹೇಳುತ್ತಿದ್ದ:
ಬರುವ ವಸಂತಕ್ಕೆ ವಿಲ್ಮಾ ಹತ್ತೋಣ,
ಆಚೆ ದಡದಲ್ಲಿ ಕಾಫಿ, ಕತ್ತಲಾಗುವ ಮೊದಲು ಈಚೆ.
ಹೊರಡುವುದು ಹತ್ತೂ ಇಪ್ಪತ್ತು,
ತಲುಪುವುದು ಹನ್ನೊಂದೂ ಐದು.
ಎಂದೂ ಹತ್ತದ ಹಡಗಿನ ನಿಮಿಷ ನಿಮಿಷವೂ
ಅವನಿಗೆ ಬಾಯಿಪಾಠ.

ಆ ಊರಿನಲ್ಲಿ ಇನ್ನೇನಿದೆ?
ಅತಿಥಿಗೃಹದ ಮಾಲ್ವಿನ್‌ಗೆ ಫೋನು ಮಾಡಿದೆ.
ಹಿಂದೆ ಕೋಳಿಗಳ ಗಲಾಟೆ.
ಇನ್ನೇನು, ಎಂದು ಅವಳೂ ಯೋಚಿಸಿದಳು.
ಜೊಂಡಿನ ಮಾಡುಗಳ ಒಂದು ಬೀದಿ.
ಗಡಿಯಾರ ನಿಂತ ಒಂದು ಚರ್ಚು.
ಕರಿದ ರೊಟ್ಟಿಯ ಅಂಗಡಿ, ಅದು ತೆರೆಯುವುದು ಮೇ ತಿಂಗಳಿಗೆ.
ಬಾತುಕೋಳಿಗಳು,
ಅವಕ್ಕೆ ರಜೆಯಿಲ್ಲ.

ಹೋದ ಪುಟ್ಟ ಬಂದ ಪುಟ್ಟ ಆದೀತು,
ಮುಂಗಡ ವಾಪಸು ಕೇಳೋಣ, ಅಂದೆ.
ಬೋರ್ಬಾಲಾ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಳು.
ಹಾಗಾದರೆ ವಿಲ್ಮಾ ಈಗ ಎಲ್ಲಿದ್ದಾಳೆ?
ಎಲ್ಲಿ ಅಂದರೆ?
ಹಡಗು ಕಣೇ,
ಮಡಚಿ ಕಪಾಟಿನಲ್ಲಿಡುವ ವಸ್ತುವಲ್ಲ.

ಮತ್ತೆ ಫೋನು. ಮತ್ತೆ ಕೋಳಿ.
ದಡಕ್ಕೆ ಎಳೆದಿದ್ದಾರೆ, ಅಂದಳು ಮಾಲ್ವಿನ್,
ದೋಣಿಕಟ್ಟೆಯ ಹಿಂದೆ, ದಿಮ್ಮಿಗಳ ಮೇಲೆ.
ನನ್ನ ಭಾವಮೈದುನ ಅದರ ತಳ ಕೆರೆಯುತ್ತಿದ್ದಾನೆ.
ಚಿಪ್ಪು, ಬರೀ ಚಿಪ್ಪು, ಬಕೆಟ್ಟುಗಟ್ಟಲೆ.
ನೋಡಲು ಏನೂ ಇಲ್ಲ.

ನೋಡಲು ಏನೂ ಇಲ್ಲವಂತೆ, ಅಂದೆ.
ಬೋರ್ಬಾಲಾ ಆಗಲೇ ಪೆನ್ಸಿಲು ಹಿಡಿದಿದ್ದಳು,
ಓಟ್ಟೊನದು, ಒಂದು ತುದಿ ಕೆಂಪು, ಒಂದು ತುದಿ ನೀಲಿ.
‘ಹತ್ತೂ ಇಪ್ಪತ್ತು, ಹಡಗು’ ಎಂದಿದ್ದನ್ನು ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿ
ಹಾಳೆಯ ಬುಡದಲ್ಲಿ ಬರೆದಳು:
ಕೆಳಗಿನಿಂದ.

ತುಸು ಹೊತ್ತು ಬಿಟ್ಟು, ಇನ್ನೂ ಸಣ್ಣಕ್ಷರದಲ್ಲಿ:
ಗಟ್ಟಿ ಬೂಟು. ಕೆಸರಿದ್ದೀತು.
ಕೆಲಸದವರಿಗೆ ಚೀಸಿನ ಪೊಗಾಚಾ, ಒಂದು ತಟ್ಟೆ.
ಹಿಟ್ಟು ನಾದುವುದು ಎತೆಲ್ಕಾ.
ಉಪ್ಪು ಹಾಕುವುದು ನಾನು.

ರಾತ್ರಿ ನಿದ್ದೆ ಹತ್ತಲಿಲ್ಲ.
ಇಷ್ಟು ವರ್ಷ ನೀರೊಳಗಿದ್ದುದು
ಗಾಳಿಗೆ ಬಂದರೆ ಯಾವ ಬಣ್ಣ?
ಒಳಗೆ ಜನ ಕಾಫಿ ಕುಡಿಯುವಾಗ
ಇಷ್ಟು ದೊಡ್ಡ ಹೊಟ್ಟೆ
ಕತ್ತಲಲ್ಲಿ ಒಂದೇ ಸಮ ತಣ್ಣಗೆ ಹೋಗುತ್ತಿತ್ತಲ್ಲ.
ಓಟ್ಟೊನ ಲೆಕ್ಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಕೈಯಿಂದ ಮುಟ್ಟಲು ಬಿಡುತ್ತಾರೋ ಇಲ್ಲವೋ,
ಕೇಳುವುದು ಮರೆತೆ.
ಬೆಳಗಾಗಲಿ.
ಈಗ ಕೋಳಿಗಳೂ ಮಲಗಿರುತ್ತವೆ.