ಹದ

ಬಾಕುವಿನ ಕಲ್ಲುಗೋದಾಮಿನಲ್ಲಿ ತುಕೆಜ್ಬಾನ್
ಮೂವತ್ತೊಂದು ವರ್ಷದಿಂದ ನೋಡುವುದು ಬಣ್ಣ.
ಮೂರು ಸಾವಿರ ಮೀಟರ್ ಆಳದ ಜೇಡಿಗಲ್ಲನ್ನು
ಆಮ್ಲದಲ್ಲಿ ಕರಗಿಸಿ, ಉಳಿದ ಒಂದು ಪರಾಗದ ಕಣವನ್ನು
ಗಾಜಿನ ಮೇಲಿಟ್ಟು ಕಣ್ಣು ಕಿರಿದು ಮಾಡುತ್ತಾಳೆ.
ಹಳದಿ ಇದ್ದರೆ, ಇನ್ನೂ ಹಸಿ.
ಕರ್ರಗಿದ್ದರೆ ಸೀದಿದೆ, ಉಳಿದದ್ದು ಬರೀ ಅನಿಲ.
ಬೆಲ್ಲದ ಪಾಕದ ಕಂದು ಕಂಡರೆ
ಪುಸ್ತಕದಲ್ಲಿ ಒಂದೇ ಮಾತು: ಹದ.

ಹೊಸದಾಗಿ ಬಂದ ಎಲ್ಶಾದ್ ಕೇಳಿದ,
“ಕೆಳಗಿನ ಬೆಂಕಿ ಎಷ್ಟು ದೊಡ್ಡದು, ಖಾಲಾ?”
ಅವಳು ಅವನ ಅಂಗೈಗೆ ಚಹಾದ ಲೋಟ ಇಟ್ಟಳು.
ಅವನು ಊದಿದ, ಕೈ ಬದಲಿಸಿದ.
“ಇಷ್ಟೇ ಬಿಸಿ. ಆದರೆ ಕೆಳಗಿಡುವಂತಿಲ್ಲ,
ಒಂದು ಕೋಟಿ ವರ್ಷ.”

ಅದಕ್ಕೂ ಮೊದಲು ಸಾಯಬೇಕಿತ್ತು
ಕಣ್ಣಿಗೆ ಕಾಣದ ಪಾಚಿ, ಜೊತೆಗಿಷ್ಟು ಮೀನಿನ ಹುರುಪೆ.
ಗಾಳಿಯಾಡದ ಕೆಸರಿಗೇ ಬೀಳಬೇಕಿತ್ತು;
ಗಾಳಿ ತಾಕಿದ್ದರೆ ಕೊಳೆತು ಮುಗಿಯುತ್ತಿತ್ತು ಕತೆ.
ನದಿಗಳು ಹೊದಿಸಿದವು ಮಣ್ಣು, ಅದರ ಮೇಲೆ ಮಣ್ಣು,
ಬಾಣಂತಿಗೆ ಕಂಬಳಿ ಹೊದಿಸಿದ ಹಾಗೆ.

ಬೆಂದದ್ದು ಹಗುರಾಗಿ ಏರುತ್ತದೆ.
ಕಲ್ಲಿನ ಮುಚ್ಚಳ ಸಿಕ್ಕಲ್ಲಿ ಕಾಯುತ್ತದೆ.
ಸಿಗದಿದ್ದರೆ
ಎಲ್ಲೋ ಗುಡ್ಡದ ಬುಡದಲ್ಲಿ ಒಸರಿ
ಕುರಿಗಳ ಕಾಲಿಗೆ ಮೆತ್ತುತ್ತದೆ.

ಆರು ಗಂಟೆಯ ಬಸ್ಸು ಸಿಗ್ನಲ್ಲಿನಲ್ಲಿ ನಿಂತೇ ಇದೆ,
ಎಂಜಿನ್ ಆರಿಸಿಲ್ಲ.
ಮನೆಯಲ್ಲಿ ಅಗಾರ್ಜಾ ಉರಿ ಜಾಸ್ತಿ ಮಾಡಿ
ಈ ಹೊತ್ತಿಗೆ ಅನ್ನ ಸೀಯಿಸಿರುತ್ತಾನೆ. ಸದಾ ಅವಸರ ಅವನಿಗೆ.
ಚಾಲಕ ಸುಮ್ಮನೆ ಒಮ್ಮೆ, ಇನ್ನೊಮ್ಮೆ
ಆಕ್ಸಿಲರೇಟರ್ ಒತ್ತುತ್ತಾನೆ.
ಎಷ್ಟು ಸಾವಿರ ವರ್ಷವಾಯಿತೆಂದು
ತುಕೆಜ್ಬಾನ್ ಎಣಿಸುವುದಿಲ್ಲ.
ಎಣಿಸುತ್ತ ಕೂತರೆ
ಇಳಿಯುವ ನಿಲ್ದಾಣ ತಪ್ಪುತ್ತದೆ.