ಇಲ್ರೀ ಅಂಥಾ ಮನಿ

ರಾತ್ರಿ ಹನ್ನೊಂದರಿಂದ ಒಂದೇ ಮಾತು:
ಅಂಥ ಕಡತ ಇಲ್ಲ.
ನೂರಾ ನಲವತ್ತು ಸಾಲು ಸರಸರ ಓಡಿ
ನೂರಾ ನಲವತ್ತೊಂದನೆಯದರಲ್ಲಿ ಕೂತುಬಿಡುತ್ತದೆ
ಸಂತೆಯಲ್ಲಿ ಹಟ ಹಿಡಿದ ಮಗುವಿನ ಹಾಗೆ.
ಸಿಗಲಿಲ್ಲ ಅನ್ನಬೇಕಾದಲ್ಲಿ ಇಲ್ಲ ಅನ್ನುವುದನ್ನು
ಇದಕ್ಕೆ ಯಾರು ಕಲಿಸಿದರೋ.

ಇದೆ ಮಾರಾಯ, ನಾನೇ ಕಣ್ಣಾರೆ ಕಂಡಿದ್ದೇನೆ.
ಹೋದ ವರ್ಷ ನಿವೃತ್ತರಾದ ದತ್ತಗುರು ಪ್ರಭುದೇಸಾಯಿ
ಅಲೆಯನ್ನು ಬಿಡಿಸಿ ಎಳೆ ಎಣಿಸುವ ಆ ಲೈಬ್ರರಿಯನ್ನು
ಎಲ್ಲರೂ ಇಡುವಲ್ಲಿ ಇಡದೆ
ಹುಟ್ಟೂರಿನ ಹೆಸರಲ್ಲೊಂದು ಫೋಲ್ಡರು ಮಾಡಿ
ಅದರೊಳಗೆ ಲಿಬ್, ಅದರ ಪಕ್ಕ ಲಿಬ್ ಅರವತ್ತನಾಲ್ಕು,
ಅಲ್ಲಿ ಬೆಚ್ಚಗೆ ಮಲಗಿಸಿ ಹೋಗಿದ್ದಾರೆ.
ಫೋಲ್ಡರಿನ ಹೆಸರು ಲೋಲಯೇಂ.
ಯಾವ ಕಂಪೈಲರು ತಾನಾಗಿ ಹೋದೀತು ಲೋಲಯೇಂಗೆ?

ಮಾಂಡವಿಯ ಬಾಯಲ್ಲಿ ನಾಳೆಯ ಉಬ್ಬರ ಎಷ್ಟು ಮೀಟರು,
ಒಂಬತ್ತಕ್ಕೆ ಬಂದರಿನವರು ಕೇಳುತ್ತಾರೆ.
ಕರಂಜಾಳೆಯ ಈ ಬಾಡಿಗೆ ಮನೆಯ ಕಿಟಕಿಯಾಚೆ
ಸಮುದ್ರ ಯಾರನ್ನೂ ಕೇಳದೆ ಏರುತ್ತಿದೆ.

ಐದೂವರೆಗೆ ಪೋಂ ಪೋಂ, ಪೊದೇರನ ಹಾರ್ನು.
ಹೊಸ ಹುಡುಗ, ಲಕ್ಷ್ಮೇಶ್ವರದ ಕಡೆಯವನು, ಇಮಾಮಸಾಬ.
ಬುಟ್ಟಿಗೆ ಹೊದಿಸಿದ ನೀಲಿ ಪ್ಲಾಸ್ಟಿಕ್ಕಿನಡಿ
ಪೊಯಿ ಇನ್ನೂ ಬಿಸಿ.
"ಅಕ್ಕಾರ, ಎರ್ಮೆಲಿಂದಾ ಬಾಯಿ ಅಂತ ಹೇಳ್ಯಾರ ಮಾಲಕರು.
ಮೂರು ಸಲ ತಿರುಗೀನಿ. ಇಲ್ರೀ ಅಂಥಾ ಮನಿ."

ಇದೆಯಪ್ಪ. ಗೇಟಿನ ಮೇಲೆ ಅವಳ ಗಂಡನ ಹಡಗಿನ ಹೆಸರಿದೆ.
ಬಿಳಿ ಶಿಲುಬೆ ದಾಟು, ಬಾವಿಯನ್ನು ಎಡಕ್ಕೆ ಬಿಡು,
ನಾಯಿ ಬೊಗಳಿದರೆ ಅದಲ್ಲ,
ನಾಯಿ ಮಲಗೇ ಇದ್ದರೆ ಅದು.
"ಹಂಗಂದ್ರ ಐತಿ ಅನ್ರಿ" ಅಂದವನೇ
ಪೆಡಲು ತುಳಿದ.

ಒಳಗೆ ಬಂದು ಬರೆದೆ.
ಹೆಡರಿಗೆ ಈ ದಾರಿ: ಹೈಫನ್, ದೊಡ್ಡ ಐ.
ಲೈಬ್ರರಿಗೆ ಈ ದಾರಿ: ಹೈಫನ್, ದೊಡ್ಡ ಎಲ್,
ಲೋಲಯೇಂ ಪೇಟೆ, ಅರವತ್ತನಾಲ್ಕನೇ ಮನೆ.
ನೂರಾ ನಲವತ್ತೊಂದು ದಾಟಿತು. ಇನ್ನೂರು. ಮುನ್ನೂರ ಹತ್ತು.
ಕಟ್ಟಿ ಮುಗಿಯಿತು.

ಓಡಿಸಿದರೆ, ಮತ್ತೆ,
ಅಂಥ ಕಡತ ಇಲ್ಲ.

ಈ ಸಲ ನಗು ಬಂತು.
ಗೌಂಡಿಗೆ ಗೊತ್ತಿದ್ದ ಮನೆ
ಪೊದೇರನಿಗೂ ಗೊತ್ತಿರಬೇಕೆಂದೇನು?
ಕಟ್ಟುವವನಿಗೆ ಹೇಳಿದ್ದನ್ನೇ
ಓಡುವವನ ಕಿವಿಯಲ್ಲೂ ಒಮ್ಮೆ ಹೇಳಿದೆ,
ಬೇಸರಿಸದೆ, ಅದೇ ಶಿಲುಬೆ, ಅದೇ ಬಾವಿ.

ಎರಡು ಪಾಯಿಂಟ್ ಒಂದು ಮೀಟರು.
ಹತ್ತು ಹನ್ನೆರಡಕ್ಕೆ ತುಂಬು ಉಬ್ಬರ.

ಹಿಂತಿರುಗುವಾಗ ಹುಡುಗ ಗೇಟಿನಲ್ಲೇ ಕೂಗಿದ:
"ಐತ್ರೀ ಅಕ್ಕಾರ! ಮುದುಕಿ ಬಾಗ್ಲಾ ತಗೀಲಿಲ್ಲ,
ಗೇಟಿಗೆ ಚೀಲಾ ಕಟ್ಟಿಟ್ಟಾಳ."

ಪ್ರಭುದೇಸಾಯಿಯವರಿಗೆ ಫೋನು ಮಾಡೋಣ ಅನಿಸಿತು.
ಯಾಕೆ ಅಲ್ಲಿಟ್ಟಿರಿ ಎಂದು ಕೇಳಲಲ್ಲ,
ಲೋಲಯೇಂಗೆ ಬರುವುದು ಹೇಗೆ ಎಂದು.
ಆರಕ್ಕೇ ಏಳುತ್ತಾರೋ ಏನೋ.