ಆರಡಿ

ಆರಡಿಗೊಂದು ಸುತ್ತು ಬರೆಯಬೇಕೆಂದು ಆದೇಶ.
ಕುರ್ಲಾದ ನಮ್ಮ ರೇಶನ್ ಗಲ್ಲಿ
ಅಗಲ ನಾಲ್ಕೂವರೆ, ಉದ್ದ ಮೂವತ್ತು.
ಸಾಲು ಎಂಬತ್ತು ಜನರದು.
ಟೇಪು ಹಿಡಿದು ನಿಂತೆ, ಸುಣ್ಣದ ಡಬ್ಬಿ ಕಾಲ ಬಳಿ,
ಕೊನೆಗೆ ಒಂದರ ಹೊಟ್ಟೆಯೊಳಗೆ ಇನ್ನೊಂದು ಬರೆದು
ಫೋಟೊ ಕಳಿಸಿದೆ.
"ಸರಿಯಾಗಿದೆ" ಎಂದರು ವಾರ್ಡಿನ ಸಾಹೇಬರು,
ತಮ್ಮ ಮನೆಯಿಂದ.

ಮೂವತ್ತೆಂಟು ಖೋಲಿಗೆ ಎರಡು ಸಂಡಾಸು.
ಅದರ ಚಿಲಕಕ್ಕೆ ಯಾವ ಸುತ್ತು ಬರೆಯಲಿ?
'ಕೈ ತೊಳೆಯಿರಿ' ಬೋರ್ಡು ಕಟ್ಟಿದವನೂ ನಾನೇ.
ನಳ ಬರುವುದು ನಸುಕಿನ ನಾಲ್ಕೂ ಹತ್ತಕ್ಕೆ,
ಐದಕ್ಕೆ ಬರೀ ಗಾಳಿ.

ಬಯ್ಯುತ್ತಲೇ ಇದ್ದೆ. ಬಯ್ಯಲು ಬೇಕಾದಷ್ಟಿತ್ತು.
ಆ ಬಯ್ಗುಳದ ಅಡಿಯಲ್ಲಿ
ಒಂದು ಮಾತು ಮುಚ್ಚಿಟ್ಟಿದ್ದೇನೆ:

ಆ ಬುಧವಾರ ನನಗೆ ಜ್ವರವಿತ್ತು.
ದಿನಗೂಲಿ ಹೋದೀತೆಂದು ಗುಳಿಗೆ ನುಂಗಿ
ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು
ಗೇಟಿನ ಗನ್ನಿಗೆ ತಲೆಯೊಡ್ಡಿದೆ.
ತೊಂಬತ್ತೇಳು. ಹಾಜರಿ.

ಅವತ್ತೇ ಶೇವಂತಾಬಾಯಿ,
"ಎಲ್ಲಿ ನಿಲ್ಲಲಪ್ಪ, ಕಣ್ಣು ಮಂಜು" ಎಂದಳು.
ರಟ್ಟೆ ಹಿಡಿದು
ಸುತ್ತಿನ ನಟ್ಟನಡುವೆ ನಿಲ್ಲಿಸಿದೆ,
ಆದೇಶದ ಪ್ರಕಾರ.

ನನ್ನಿಂದ ತಗುಲಿತೋ, ಚಿಲಕದಿಂದಲೋ,
ಹಿಂದೆ ನಿಂತವನ ಸೀನಿನಿಂದಲೋ,
ಯಾರೂ ಕೇಳಲಿಲ್ಲ.
ಪಟ್ಟಿಯಲ್ಲಿ ಅವಳು: ಹೆಣ್ಣು, ಅರವತ್ತಾರು.

ಜೂನಿನ ಮಳೆಗೆ ಸುಣ್ಣವೆಲ್ಲ ಹೋಯಿತು.
ಅಂಗಡಿಯ ತಗಡಿನಡಿ ಒಂದೇ ಒಂದು ಸುತ್ತು ಉಳಿದಿದೆ.
ಆರಡಿ ಬಿಟ್ಟು ಸರಿದು ಹೋಗೋಣವೆಂದರೆ
ಗಲ್ಲಿಯಲ್ಲಿ ಜಾಗವಿಲ್ಲ.
ದಿನಾ ಅದನ್ನು ತುಳಿದೇ
ಕೆಲಸಕ್ಕೆ ಹೋಗುತ್ತೇನೆ.